ಫಿನಾಯಿಲಮ್ಮನ ತಿಳಿನೀರು

ಈ ಲೋಕದಲ್ಲಿ ನೆಟ್ಟಗೆ ಕೈ ತೊಳೆಯಲು ಬರುವವರು ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಫಿನಾಯಿಲಮ್ಮ ತೀರ್ಮಾನಿಸಿ ಬಹಳ ವರ್ಷಗಳಾಗಿದ್ದವು. ಆ ತೀರ್ಮಾನವನ್ನು ಬದಲಾಯಿಸುವಂಥ ಒಂದು ನರಪ್ರಾಣಿಯೂ ಆಮೇಲೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಕಡಲ ದಂಡೆಯ ಸಂಶೋಧನಾ ಕೇಂದ್ರವೊಂದರಲ್ಲಿ ಗಾಜಿನ ಟ್ಯಾಂಕುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಿಂದಿನ ದಿನ ಯಾರ್ಯಾರು ಗಾಜಿನ ಮೇಲೆ ಬೆರಳು ಒತ್ತಿ ಹೋಗಿದ್ದಾರೆಂದು ಗುರುತು ಹಿಡಿಯುವುದು, ಒರೆಸುವುದು, ಅವರು ಬಂದಮೇಲೆ ಬೆರಳಿನ ಒಡೆಯರಿಗೆ ಮಂಗಳಾರತಿ ಮಾಡುವುದು. ಪಂಪು, ಕೊಳವೆ, ಉಪ್ಪಿನ ಪ್ರಮಾಣ, ನೀರಿನ ಬಿಸಿ ಇವೆಲ್ಲ ಆಮೇಲೆ.

ಆ ಹೆಸರು ಇಟ್ಟವರು ಅಲ್ಲಿನ ವಿದ್ಯಾರ್ಥಿಗಳು. ಟ್ಯಾಂಕ್ ಕೋಣೆಯೊಳಗೆ ಅವಳು ಫಿನಾಯಿಲ್ ಹಾಗಿರಲಿ, ಒಂದು ಚೂರು ಸೋಪನ್ನೂ ಬಿಡುತ್ತಿರಲಿಲ್ಲ. ಮೀನಿಗೆ ಅದು ವಿಷವೆಂದು ಗೊತ್ತಿಲ್ಲದಷ್ಟು ದಡ್ಡಿಯಲ್ಲ. ಆದರೆ ಬಾಗಿಲಾಚೆಯ ಕಾರಿಡಾರು ಮಾತ್ರ ದಿನಕ್ಕೆ ಎರಡು ಸಲ ಮಿಂದು ಘಮಘಮಿಸುತ್ತಿತ್ತು. ಜಾರಿ ಬಿದ್ದವರಿಗೆ ಅವಳಿಂದ ಸಿಗುತ್ತಿದ್ದ ಸಮಾಧಾನ ಒಂದೇ: "ಕಣ್ಣು ಕೊಟ್ಟಿರೋದು ಫೋನ್ ನೋಡೋಕಲ್ಲ, ನೆಲ ನೋಡೋಕೆ." ತನಗಿಟ್ಟ ಅಡ್ಡಹೆಸರು ಅವಳ ಕಿವಿಗೂ ಬಿದ್ದಿತ್ತು. "ಪರವಾಗಿಲ್ಲ, ಇಷ್ಟಾದ್ರೂ ಬುದ್ಧಿ ಓಡ್ಸಿದಾರೆ. ಸಂಶೋಧನೆಯಲ್ಲಿ ಅಷ್ಟೂ ಓಡ್ಸಿದ್ದು ನಾನು ಕಂಡಿಲ್ಲ" ಎಂದಿದ್ದಳು.

ಅವಳ ಮನೆ ಕೇಂದ್ರದ ಹಿಂದಿನ ಬೀದಿಯಲ್ಲಿ, ಮೇಲಿನ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲಲ್ಲಿ ಮೂರು ಕಾಲೊರಸು. ಗಂಡ ಸರಕು ಹಡಗಿನಲ್ಲಿ ಅಡುಗೆಯವ. ಮನೆಗಿಂತ ಹಡಗು ವಾಸಿ ಎಂದು ಅವನೇ ಆರಿಸಿಕೊಂಡ ಉದ್ಯೋಗ ಅದು. ರಜೆಯಲ್ಲಿ ಬಂದಾಗ ಒದ್ದೆ ಟವೆಲನ್ನು ಎಲ್ಲಿ ಹಾಕಬೇಕೆಂದು ಕೇಳಿ ಕೇಳಿ ಸಾಕಾಗಿ, ರಜೆ ಮುಗಿಯುವ ಮೊದಲೇ ಬಂದರಿನ ದಾರಿ ಹಿಡಿಯುತ್ತಿದ್ದ. ಅವನ ಬಗ್ಗೆ ಅವಳಿಗೆ ದೂರೂ ಇರಲಿಲ್ಲ, ಗೌರವವೂ ಇರಲಿಲ್ಲ. ಅವನು ಬಿಟ್ಟುಹೋದ ಜಾಗವನ್ನು ಒರೆಸಿದರೆ ಮುಗಿಯಿತು.

ಅವಳ ತಾತ್ಸಾರಕ್ಕೆ ಸರಿಯಾದ ಗಿರಾಕಿ ತಂಗಿಯ ಗಂಡ. ಬೇರೆ ಊರಲ್ಲಿ ಅವನದು ಫೋಮ್ ಹಾಸಿಗೆಯ ಅಂಗಡಿ. ಬಂದಾಗಲೆಲ್ಲ ಹೊಸದಾಗಿ ಹೊಳೆದಂತೆ ಅದೇ ಹಳೇ ಜೋಕು ಹೇಳುತ್ತಿದ್ದ: "ಅತ್ತಿಗೆ, ನಿಮ್ದೂ ಸ್ಪಂಜಿನ ವ್ಯಾಪಾರ, ನಮ್ದೂ ಸ್ಪಂಜಿನ ವ್ಯಾಪಾರ. ಒಂದೇ ವ್ಯತ್ಯಾಸ, ನಮ್ದರ ಮೇಲೆ ನಿದ್ದೆ ಬರತ್ತೆ!" ಹೇಳಿ ತಾನೇ ನಗುವುದು, ನಕ್ಕು ತಾನೇ ಕಣ್ಣೊರೆಸಿಕೊಳ್ಳುವುದು. ಆ ಮನುಷ್ಯನ ಮಗಳು ಕುಳ್ಳಿ. ಓದಿನಲ್ಲಿ ಜಾಣೆ. ಕೇಂದ್ರದಲ್ಲಿ ಡಾಕ್ಟರೇಟ್ ಮಾಡುತ್ತ ದೊಡ್ಡಮ್ಮನ ಮನೆಯಲ್ಲೇ ಇದ್ದಳು. ಅಪ್ಪನ ಮಾತು ಖಡಾಖಂಡಿತ. ಈಗಿರುವ ಪ್ರಾಜೆಕ್ಟ್ ಮುಗಿಯುವವರೆಗೆ ಓದಲಿ, ಅದು ಮುಂದುವರಿಯದಿದ್ದರೆ ಬಂದು ಅಂಗಡಿಯ ಗಲ್ಲಾದಲ್ಲಿ ಕೂರಲಿ. ಕುಳ್ಳಿಯನ್ನು ಹಾಸಿಗೆಗಳ ನಡುವೆ, ಆ ಜೋಕಿನ ಪಕ್ಕದಲ್ಲಿ, ಜೀವಮಾನವಿಡೀ ಕೂತಂತೆ ನೆನೆದಾಗಲೆಲ್ಲ ಫಿನಾಯಿಲಮ್ಮ ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸುತ್ತಿದ್ದಳು. ಹಾಗೆಂದು ಕುಳ್ಳಿಯ ಮುಂದೆ ಅದನ್ನು ಹೇಳಿದವಳಲ್ಲ. ಅವಳಿಗೆ ಹೇಳುತ್ತಿದ್ದುದು, "ಬಾಚಣಿಗೆಯಿಂದ ಕೂದ್ಲು ತೆಗೀಬೇಕು ಅಂತ ಯಾವ ಪುಸ್ತಕದಲ್ಲೂ ಬರ್ದಿಲ್ವಾ?"

ಇನ್ನು ಕೇಂದ್ರದ ನಿರ್ದೇಶಕರು. ಅವರಿಗೆ ಅವಳು ಮನಸ್ಸಿನಲ್ಲಿಟ್ಟ ಹೆಸರು ಮೈಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಜನ ಎಲ್ಲ ಕಡೆ ಇರುತ್ತಾರೆ. ಮೈಕು ಕುಲಾವಿಯ ಜೊತೆಗೆ ಕೂಸಿನ ಮದುವೆಯ ಸೂಟನ್ನೂ ಹೊಲಿಸುವ ಪೈಕಿ. ಡೈವರುಗಳು ಆಳದ ಬಂಡೆಯಿಂದ ಕಿತ್ತಳೆ ಬಣ್ಣದ ಒಂದು ಸ್ಪಂಜನ್ನು ತಂದ ವಾರದಲ್ಲೇ ಪತ್ರಿಕೆಯವರನ್ನು ಕರೆಸಿ, ಕ್ಯಾನ್ಸರಿಗೆ ಇನ್ನು ಉಳಿಗಾಲವಿಲ್ಲ ಎಂದು ಸಾರಿಬಿಟ್ಟರು. ಸ್ಪಂಜು ಪಾಪ, ಆಗಿನ್ನೂ ಟ್ಯಾಂಕಿನ ನೀರಿಗೇ ಹೊಂದಿಕೊಂಡಿರಲಿಲ್ಲ.

ಫಿನಾಯಿಲಮ್ಮ ಅದನ್ನು ಮೊದಲ ಸಲ ನೋಡಿ ಮೂಗು ಮುರಿದಳು. ಎರಡು ಮುಷ್ಟಿ ಸೇರಿಸಿಟ್ಟಷ್ಟು ಗಾತ್ರದ ಮುದ್ದೆ. ಅಲುಗುವುದಿಲ್ಲ, ತಿರುಗುವುದಿಲ್ಲ, ತಿಂದಂತೆ ಕಾಣುವುದಿಲ್ಲ. ಮೀನಾದರೆ ಬೈದಾಗ ಓಡಿಯಾದರೂ ಹೋಗುತ್ತದೆ.

"ಇದು ಗಿಡಾನಾ, ಕಲ್ಲಾ?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ಪ್ರಾಣಿ, ದೊಡ್ಡಮ್ಮ" ಎಂದಳು ಕುಳ್ಳಿ. "ತುಂಬಾ ಹಳೇ ಕಾಲದ ಪ್ರಾಣಿ. ಮೆದುಳಿಲ್ಲ, ನರ ಇಲ್ಲ, ಹೃದಯ ಇಲ್ಲ, ಹೊಟ್ಟೆ ಇಲ್ಲ, ಬಾಯಿ ಕೂಡ ಇಲ್ಲ."

"ಆ ಕೇಂದ್ರದಲ್ಲಿ ಬಾಯಿ ಇಲ್ಲದ್ದು ಅಂತ ಒಂದಾದ್ರೂ ಬಂತಲ್ಲ."

ಕುಳ್ಳಿ ನಕ್ಕು ಮುಂದುವರಿಸಿದಳು. ಅದರ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಒಳಗೆ ಓಣಿಗಳು, ಓಣಿಗಳ ನಡುವೆ ಪುಟ್ಟ ಪುಟ್ಟ ಕೋಣೆಗಳು. ಆ ಕೋಣೆಯ ಗೋಡೆಯ ಒಂದೊಂದು ಜೀವಕೋಶಕ್ಕೂ ಒಂದೊಂದು ಬಾಲ. ಕೋಟಿಗಟ್ಟಲೆ ಬಾಲಗಳು ಹಗಲೂ ರಾತ್ರಿ ಬಡಿದು ನೀರನ್ನು ಒಳಗೆಳೆದು, ಮೇಲಿನ ದೊಡ್ಡ ತೂತಿನಿಂದ ಹೊರಗೆ ಉಗುಳುತ್ತವೆ. ತನ್ನ ಮೈಯ ಸಾವಿರಾರು ಪಟ್ಟು ನೀರು ದಿನಾ ಅದರೊಳಗಿಂದ ಹಾದುಹೋಗುತ್ತದೆ. ಓಡಲಾರದ ಪ್ರಾಣಿ, ಕಚ್ಚಲಾರದ ಪ್ರಾಣಿ. ಹಾಗಾಗಿ ಯಾರಾದರೂ ತಿನ್ನಲು ಬಂದರೆ ಇರಲಿ ಎಂದು ಮೈಯಲ್ಲಿ ವಿಷ ಇಟ್ಟುಕೊಂಡಿರುತ್ತದೆ. ಆ ವಿಷವನ್ನು ಎಷ್ಟೋ ಸಲ ಸ್ಪಂಜು ತಾನೇ ಮಾಡುವುದೂ ಇಲ್ಲ, ಅದರ ಮೈಯೊಳಗೆ ಬಾಡಿಗೆಗಿರುವ ಬ್ಯಾಕ್ಟೀರಿಯಗಳು ಮಾಡಿಕೊಡುತ್ತವೆ. ಸ್ಪಂಜುಗಳಿಂದ ಕಲಿತು ಮಾಡಿದ ಕೆಲವು ಮದ್ದುಗಳು ಆಗಲೇ ಆಸ್ಪತ್ರೆಗಳಲ್ಲಿವೆ. ಈ ಕಿತ್ತಳೆಯ ವಿಷವನ್ನು ಗಾಜಿನ ತಟ್ಟೆಯಲ್ಲಿಟ್ಟ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಅವು ಬೆಳೆಯುವುದನ್ನು ನಿಲ್ಲಿಸುತ್ತಿದ್ದವು. ತಟ್ಟೆಯಲ್ಲಿ ಮಾತ್ರ, ಮೈಕು ನುಂಗಿಹಾಕಿದ ಮಾತು ಅದು.

"ತೊಂದ್ರೆ ಏನಂದ್ರೆ ದೊಡ್ಡಮ್ಮ, ಚಿಟಿಕೆ ಮದ್ದು ಬೇಕಂದ್ರೆ ಲಾರಿಗಟ್ಲೆ ಸ್ಪಂಜು ಕೀಳ್ಬೇಕು. ಹಾಗೆ ಕಿತ್ರೆ ಸಮುದ್ರದಲ್ಲಿ ಏನೂ ಉಳಿಯಲ್ಲ. ಆ ಬ್ಯಾಕ್ಟೀರಿಯಾನ ಬೇರೆ ಮಾಡಿ ಬೆಳ್ಸೋಣ ಅಂದ್ರೆ ಹೊರಗೆ ಬದುಕಲ್ಲ. ಅದಕ್ಕೇ ಇದನ್ನ ಟ್ಯಾಂಕಲ್ಲೇ ಬದುಕ್ಸಿ, ತುಂಡು ಮಾಡಿ ಗಿಡದ ಹಾಗೆ ಹಬ್ಬಿಸ್ಬಹುದಾ ಅಂತ ನನ್ನ ಕೆಲಸ. ಇದರ ಊಟ ಏನಂದ್ರೆ…"

"ಊಟ ಅಂದೆ ನೋಡು, ನಿನ್ನ ತಟ್ಟೆ ಸುತ್ತ ನೋಡ್ಕೋ. ಕಾಗೆ ಕೂತು ಎದ್ದ ಹಾಗಿದೆ" ಎಂದು ಫಿನಾಯಿಲಮ್ಮ ಬಟ್ಟೆ ತಂದು ಮೇಜು ಒರೆಸತೊಡಗಿದಳು. ಮಾತು ಅಲ್ಲಿಗೇ ನಿಂತಿತು. ಹಿತ್ತಲ ಗಿಡ ಮದ್ದಲ್ಲ. ತನ್ನ ಮನೆಯಲ್ಲೇ ಉಣ್ಣುವ ಹುಡುಗಿ ಹೇಳಿದ ವಿಜ್ಞಾನ ವಿಜ್ಞಾನವಲ್ಲ.

ಊಟದ ವಿಷಯ ಕೇಳಿಸಿಕೊಂಡಿದ್ದರೆ ಈ ಕಥೆ ಹೇಳುವ ಅಗತ್ಯವಿರುತ್ತಿರಲಿಲ್ಲ. ಸ್ಪಂಜು ತಿನ್ನುವುದು ನೀರಿನಲ್ಲಿ ತೇಲುವ ಬ್ಯಾಕ್ಟೀರಿಯ, ಪಾಚಿಯ ಅತಿಸಣ್ಣ ಕಣ, ಕೊಳೆತದ್ದರ ಪುಡಿ. ಕಡಲಿನ ನೀರು ನಮಗೆ ಕದಡಿದಂತೆ ಕಾಣುತ್ತದಲ್ಲ, ಆ ಕದಡೇ ಅದರ ಊಟ. ಅದಕ್ಕಾಗಿ ಕುಳ್ಳಿ, ಎಲ್ಲ ಟ್ಯಾಂಕಿಗೂ ಹೋಗುವ ಸೋಸಿದ ನೀರಿನ ಕೊಳವೆಯನ್ನು ಈ ಒಂದು ಟ್ಯಾಂಕಿಗೆ ತಪ್ಪಿಸಿ, ದೋಣಿ ನಿಲ್ಲುವ ಜೆಟ್ಟಿಯ ಪಂಪಿನಿಂದ ಹಸಿ ಸಮುದ್ರದ ನೀರನ್ನೇ ನೇರವಾಗಿ ತರುವ ಬೇರೆ ಕೊಳವೆ ಹಾಕಿಸಿದಳು. ವಾರದಲ್ಲಿ ಗಾಜಿಗೆ ಹಸಿರು ಹತ್ತಿತು, ತಳದಲ್ಲಿ ಮಡ್ಡಿ ಕೂತಿತು. ಸ್ಪಂಜು ಮಾತ್ರ ತೂತು ತೆರೆದು ಹಾಯಾಗಿತ್ತು.

ಫಿನಾಯಿಲಮ್ಮನಿಗೆ ಆ ಕೋಣೆಗೆ ಕಾಲಿಡುವುದೇ ಕಷ್ಟವಾಯಿತು. ಫಳಫಳ ಹೊಳೆಯುವ ಸಾಲಿನ ನಡುವೆ ಆ ಒಂದು ಟ್ಯಾಂಕು, ಬಿಳೀ ಸೀರೆಗೆ ಬಿದ್ದ ಎಣ್ಣೆಯಂತೆ.

ಹೀಗಿರುವಾಗ ಕುಳ್ಳಿ ತನ್ನ ಮಾದರಿಗಳನ್ನು ತೆಗೆದುಕೊಂಡು ದೂರದ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕಾಯಿತು. ಅಲ್ಲಿನ ಯಂತ್ರ ಇಲ್ಲಿರಲಿಲ್ಲ. ಒಂದು ತಿಂಗಳ ಕೆಲಸ. ಅದಾದ ಎರಡು ವಾರಕ್ಕೆ ಔಷಧಿ ಕಂಪನಿಯವರು ಕೇಂದ್ರಕ್ಕೆ ಬರುವವರಿದ್ದರು. ಟ್ಯಾಂಕಿನಲ್ಲಿ ಸ್ಪಂಜು ಬದುಕಿ ಉಣ್ಣುತ್ತಿದೆ ಎಂದು ಅವರ ಕಣ್ಣಿಗೆ ಕಂಡರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ಇಲ್ಲದಿದ್ದರೆ ಹಾಸಿಗೆ ಅಂಗಡಿ.

"ದೊಡ್ಡಮ್ಮ, ಈ ಟ್ಯಾಂಕ್ ಮಾತ್ರ ಮುಟ್ಬೇಡ. ಹೀಗೇ ಇರ್ಲಿ" ಎಂದು ಕುಳ್ಳಿ ಬ್ಯಾಗು ಹೆಗಲಿಗೇರಿಸಿ ಹೇಳಿದಳು.

"ಗೊತ್ತಮ್ಮ, ನೀನು ಹುಟ್ಟೋ ಮೊದ್ಲಿಂದ ಟ್ಯಾಂಕ್ ನೋಡ್ತಿದೀನಿ."

ಐದು ದಿನ ಮುಟ್ಟಲಿಲ್ಲ. ಆರನೆಯ ದಿನ ಹುಡುಗನೊಬ್ಬ ಆ ಗಾಜಿನ ಹಸಿರಿನ ಮೇಲೆ ಬೆರಳಲ್ಲಿ ನಗುವ ಮುಖ ಬರೆದು ಹೋಗಿದ್ದ. ಅದನ್ನು ಕಂಡದ್ದೇ ಅವಳ ಪಿತ್ತ ನೆತ್ತಿಗೇರಿತು. ಈಗಿನ ಮಕ್ಕಳಿಗೆ ಸೋಮಾರಿತನಕ್ಕೂ ಒಂದು ಶಾಸ್ತ್ರೀಯ ಹೆಸರು ಬೇಕು; ತೊಳೆಯಲು ಮೈ ಬಗ್ಗದೆ ಪ್ರಯೋಗ ಅಂತಾರೆ ಎಂದು ಗೊಣಗುತ್ತ ಹಸಿ ನೀರಿನ ಕೊಳವೆಯನ್ನು ಕಿತ್ತು ಗುಜರಿಯ ರಾಶಿಗೆ ಎಸೆದಳು. ಇರುವುದರಲ್ಲೇ ಅತಿ ಸಣ್ಣ ಕಣ್ಣಿನ ಫಿಲ್ಟರ್ ಜೋಡಿಸಿದಳು. ಅದರ ಮೇಲೆ ಕ್ರಿಮಿ ಕೊಲ್ಲುವ ನೇರಳೆ ದೀಪ. ತಳದ ಮಡ್ಡಿ ಹೀರಿ ತೆಗೆದು, ಗಾಜು ಉಜ್ಜಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಕಿತ್ತಳೆ ಸ್ಪಂಜು ಒಡವೆ ಅಂಗಡಿಯ ಕಪಾಟಿನಲ್ಲಿಟ್ಟಂತೆ ಕಂಡಿತು.

ಮಾರನೆಯ ದಿನ ಅತ್ತ ಬಂದ ಮೈಕು ನಿಂತಲ್ಲೇ ನಿಂತರು. "ಏನಮ್ಮಾ ಇದು! ಹೀಗಿರ್ಬೇಕು ಟ್ಯಾಂಕು ಅಂದ್ರೆ" ಎಂದು ಫೋಟೋ ತೆಗೆದರು, ತಾವೂ ಪಕ್ಕದಲ್ಲಿ ನಿಂತು ತೆಗೆಸಿಕೊಂಡರು. ಸ್ಪಂಜು ಕದಡು ನೀರಿನಲ್ಲೇ ಬದುಕುತ್ತದೆಂದು ಮೈಕಿಗೆ ಗೊತ್ತಿರಲಿಲ್ಲವೆಂದಲ್ಲ. ಅದರ ಮೇಲೆ ಅವರ ಹೆಸರಿನ ಲೇಖನವೇ ಇತ್ತು. ಆದರೆ ಫೋಟೋ ಚೆನ್ನಾಗಿ ಬಂದಾಗ ಲೇಖನ ನೆನಪಿಗೆ ಬರುವ ಜಾತಿಯಲ್ಲ ಅವರದು. ಅವರ ಹೊಗಳಿಕೆಯನ್ನು ಫಿನಾಯಿಲಮ್ಮ ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಂಡಳು. ಅಂದಿನಿಂದ ಆ ಟ್ಯಾಂಕಿಗೆ ವಿಶೇಷ ಉಪಚಾರ.

ಸ್ಪಂಜು ತಿಳಿನೀರನ್ನು ಹೀರಿತು, ಉಗುಳಿತು, ಮತ್ತೆ ಹೀರಿತು. ಅದರಲ್ಲಿ ಏನೂ ಇರಲಿಲ್ಲ. ಖಾಲಿ ಪಾತ್ರೆಗೆ ದಿನವಿಡೀ ಸೌಟು ಹಾಕುವವರ ಪಾಡು ಅದರದು. ಮೊದಲು ಮೇಲಿನ ತೂತು ಸಣ್ಣದಾಯಿತು. ಆಮೇಲೆ ಮುಚ್ಚಿತು. ಬಣ್ಣ ತೆಳುವಾಯಿತು. ಮೈ ಕುಗ್ಗಿತು. ಫಿನಾಯಿಲಮ್ಮ ಅದನ್ನೆಲ್ಲ ಕಂಡಳು, ಕುರುಡಿಯಲ್ಲ. ಕೊಳೆ ಕಳೆದು ಈಗ ಅದರ ನಿಜವಾದ ಬಣ್ಣ ಬರುತ್ತಿದೆ ಎಂದುಕೊಂಡಳು. ಬೊಜ್ಜು ಕರಗಿದೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಒಂದು ಮಗ್ಗುಲಲ್ಲಿ ಬಿಳಿ ಲೋಳೆ ಕಂಡಾಗ ಮಾತ್ರ ಇನ್ನೂ ಎಲ್ಲೋ ಕೊಳೆ ಉಳಿದಿರಬೇಕೆಂದು ಫಿಲ್ಟರನ್ನು ಬಿಚ್ಚಿ ತೊಳೆದು ಹಾಕಿದಳು. ಅಹಂಕಾರಕ್ಕೆ ಕಣ್ಣಿಲ್ಲ ಅಂತಾರೆ, ಸುಳ್ಳು. ಕಣ್ಣಿರುತ್ತದೆ, ತನಗೆ ಬೇಕಾದಷ್ಟೇ ಕಾಣುತ್ತದೆ.

ಕುಳ್ಳಿ ಊರಿಂದ ಬಂದವಳು ಬ್ಯಾಗನ್ನೂ ಇಳಿಸದೆ ಟ್ಯಾಂಕ್ ಕೋಣೆಗೆ ಓಡಿದಳು. ಫಿನಾಯಿಲಮ್ಮ ಹಿಂದೆಯೇ ಹೋದಳು. ಶಹಭಾಸ್‌ಗಿರಿ ಕೇಳಲು ಎಂದೇ ಹೇಳಬೇಕು.

ಕುಳ್ಳಿ ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುಚ್ಚಳ ಎತ್ತಿ ಮೂಸಿ ನೋಡಿದಳು. ಸತ್ತ ಮೀನಿನ ವಾಸನೆ.

"ಕೊಳವೆ ಎಲ್ಲಿ?"

"ಗಬ್ಬು ಹಿಡಿದಿತ್ತು. ಬಿಸಾಕ್ದೆ."

"ಹಸಿವಿಂದ ಸಾಯ್ತಿದೆ ಇದು."

"ಹಸಿವಾ? ಅದಕ್ಕೆ ಬಾಯೇ ಇಲ್ಲ ಅಂದೆ."

ಕುಳ್ಳಿ ತಿರುಗಿ ನೋಡಿದಳು. ಕಿರುಚಲಿಲ್ಲ. ಕಿರುಚಿದ್ದರೆ ಫಿನಾಯಿಲಮ್ಮನಿಗೆ ಉತ್ತರ ಕೊಡಲು ಬರುತ್ತಿತ್ತು. "ಅದೇನು ತಿನ್ನತ್ತೆ ಅಂತ ಎಷ್ಟು ಸಲ ಹೇಳೋಕೆ ಬಂದೆ ದೊಡ್ಡಮ್ಮ. ಬಾಯಿ ತೆಗೆದಾಗೆಲ್ಲ ನೀನು ಮೇಜು ಒರೆಸ್ತಿದ್ದೆ. ನೀರಲ್ಲಿರೋ ಕೊಳೇನೇ ಅದರ ಊಟ. ನೀನು ಒಂದು ತಿಂಗಳು ಅದರ ತಟ್ಟೆ ತೊಳ್ದು ತೊಳ್ದು ಇಟ್ಟಿದೀಯ."

ಫಿನಾಯಿಲಮ್ಮನ ನಾಲಿಗೆಯ ತುದಿಯಲ್ಲಿ ಸದಾ ಒಂದು ಮಾತು ಸಿದ್ಧವಾಗಿರುತ್ತಿತ್ತು. ಅಂದು ಹುಡುಕಿದಳು, ಇರಲಿಲ್ಲ. ಈ ಹುಡುಗಿಯನ್ನು ನಾನೇ ಕೈಯಾರೆ ಆ ಹಾಸಿಗೆ ಅಂಗಡಿಗೆ ಕಳಿಸಿದೆ ಎಂಬುದೊಂದೇ ಅವಳಿಗೆ ಹೊಳೆದದ್ದು. ತಪ್ಪಾಯಿತು ಎನ್ನಬೇಕಿತ್ತು. ಆ ಪದವನ್ನು ಬೇರೆಯವರ ಬಾಯಲ್ಲಿ ಕೇಳಿಯಷ್ಟೇ ಅಭ್ಯಾಸ.

ಕುಳ್ಳಿ ಆಗಲೇ ಕೈಗವಸು ಹಾಕಿಕೊಂಡಿದ್ದಳು. ಸ್ಪಂಜನ್ನು ನೀರಿನಿಂದ ಮೇಲೆತ್ತುವಂತಿಲ್ಲ. ಗಾಳಿ ಒಳಗೆ ಹೊಕ್ಕರೆ ಓಣಿಗಳಲ್ಲಿ ಸಿಕ್ಕಿಕೊಂಡು ಕೊಲ್ಲುತ್ತದೆ. ನೀರಿನೊಳಗೇ ಕತ್ತರಿ ಆಡಿಸಿ ಕೊಳೆತದ್ದನ್ನೆಲ್ಲ ತೆಗೆದಳು. ಒಳಗೆ ಇನ್ನೂ ಕಿತ್ತಳೆಯಾಗಿದ್ದ ಭಾಗ ಒಂದು ಹಿಡಿಯಷ್ಟು ಉಳಿಯಿತು. ಅದನ್ನೇ ಬೆರಳ ತುದಿಯಷ್ಟು ತುಂಡುಗಳಾಗಿ ಮಾಡಿ, ಪ್ಲಾಸ್ಟಿಕ್ ಬಲೆಗೆ ದಾರದಿಂದ ಕಟ್ಟಿದಳು. ಸ್ಪಂಜಿನ ದೊಡ್ಡಗುಣ ಅದು: ತುಂಡಾದರೂ, ಉಣ್ಣಲು ಸಿಕ್ಕರೆ, ಗಾಯ ಮಾಯಿಸಿಕೊಂಡು ಪ್ರತಿ ತುಂಡೂ ತಾನೇ ಒಂದು ಸ್ಪಂಜಾಗುತ್ತದೆ.

"ನೀರು ಬೇಕು. ಹಸಿ ನೀರು. ಈಗ್ಲೇ" ಎಂದಳು ಟ್ಯಾಂಕಿನಿಂದ ಕಣ್ಣೆತ್ತದೆ.

ಗುಜರಿಯವನು ಕೊಳವೆ ಒಯ್ದಾಗಿತ್ತು. ಹೊಸದಕ್ಕೆ ಅರ್ಜಿ ಕೊಟ್ಟರೆ ಮೈಕಿನ ಸಹಿ ಬೀಳುವುದರೊಳಗೆ ಸ್ಪಂಜಿನ ತಿಥಿ ಮುಗಿದಿರುತ್ತದೆ. ಫಿನಾಯಿಲಮ್ಮ ಎರಡು ಬಕೆಟ್ ಹಿಡಿದು ಜೆಟ್ಟಿಗೆ ನಡೆದಳು.

ಜೆಟ್ಟಿಯ ಕೊನೆಯಲ್ಲಿ, ದೋಣಿಗಳ ಎಣ್ಣೆ ತಾಗದ ಕಡೆ, ಹಗ್ಗ ಕಟ್ಟಿ ಬಕೆಟ್ ಇಳಿಸಬೇಕು. ಬರುವ ನೀರು ಹಸಿರುಗಪ್ಪು. ಹೊತ್ತು ತಂದು, ಒರಟು ಬಲೆಯಲ್ಲಿ ಸೋಸಿ, ಟ್ಯಾಂಕಿಗೆ ಸುರಿದು, ಅಷ್ಟೇ ಹಳೇ ನೀರು ತೆಗೆಯಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ತಾನು ಉಜ್ಜಿ ಉಜ್ಜಿ ಕನ್ನಡಿಯಾಗಿಸಿದ ಗಾಜಿನೊಳಗೆ ತಾನೇ ಆ ಕದಡನ್ನು ಸುರಿಯುವಾಗ ಅವಳ ಮುಖ ಕಷಾಯ ಕುಡಿದಂತಾಗುತ್ತಿತ್ತು. ಕಾರಿಡಾರಿನಲ್ಲಿ ಚೆಲ್ಲಿದ ಉಪ್ಪುನೀರಿಗೆ ಮರಳು ಮೆತ್ತಿ ನೆಲವೆಲ್ಲ ಗರಗರ.

"ಫಿನಾಯಿಲಮ್ಮ ಪಾರ್ಟಿ ಬದಲಾಯಿಸಿದಾರೆ" ಎಂದ ಒಬ್ಬ ವಿದ್ಯಾರ್ಥಿ.

"ನೀನು ಮೊದ್ಲು ಸಾಕ್ಸ್ ಬದಲಾಯಿಸು" ಎಂದಳು. ನಾಲಿಗೆ ತಿರುಗಿ ಕೆಲಸಕ್ಕೆ ಬಂದಿತ್ತು. ಆದರೆ ಕುಳ್ಳಿಯ ಮುಂದೆ ಮಾತ್ರ ಅದು ಏಳುತ್ತಿರಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮೇಜಿನ ಮೇಲೆ ಅಗುಳು ಬಿದ್ದರೆ ಬಿದ್ದಿರುತ್ತಿತ್ತು. ಒರೆಸಲು ಕೈ ಹೋಗುತ್ತಿತ್ತು, ಅವಳು ಅದನ್ನು ಮಡಿಲಿನಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದಳು. ಕುಳ್ಳಿ ಯಾರಿಗೂ ನಡೆದದ್ದನ್ನು ಹೇಳಿರಲಿಲ್ಲ. ದೊಡ್ಡಮ್ಮನ ಮೇಲಿನ ಕರುಣೆಯಿಂದ ಅಂತಲ್ಲ, ದೂರು ಹೇಳುತ್ತ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ.

ಎರಡನೆಯ ವಾರ ತುಂಡುಗಳ ಕತ್ತರಿಸಿದ ಅಂಚು ಮಾಯಿತು. ಒಂದರ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ತೆರೆಯಿತು. ಕುಳ್ಳಿ ಭೂತಗನ್ನಡಿ ಹಿಡಿದು ತೋರಿಸಿದಳು. ಫಿನಾಯಿಲಮ್ಮ ನೋಡಿ, "ಹ್ಞೂಂ" ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಕಂಪನಿಯವರು ಬರುವ ಬೆಳಿಗ್ಗೆ ಮೈಕು ಹೊಸ ಟೈ ಕಟ್ಟಿಕೊಂಡು ಟ್ಯಾಂಕ್ ಕೋಣೆಗೆ ಬಂದರು. ಟ್ಯಾಂಕು ನೋಡಿ ಅವರ ಮುಖದ ಬಣ್ಣವೇ ಇಳಿಯಿತು. "ಏನಮ್ಮಾ ಇದು ಚರಂಡಿ! ಅವತ್ತು ಹೇಗಿತ್ತು! ಫಿಲ್ಟರ್ ಹಾಕು, ಅವರು ಬರೋದ್ರೊಳಗೆ ತಿಳಿಯಾಗ್ಬೇಕು."

ಕುಳ್ಳಿ ಮುಂದೆ ಬಂದಳು. "ಸಾರ್, ಸ್ಪಂಜು ಉಣ್ತಿದೆಯಾ ಅಂತ ಅಳೆಯೋದೇ ಇವತ್ತಿನ ಪರೀಕ್ಷೆ. ಒಳಗೆ ಹೋಗೋ ನೀರಲ್ಲಿ ಎಷ್ಟು ಬ್ಯಾಕ್ಟೀರಿಯ ಇದೆ, ಹೊರಗೆ ಬರೋದ್ರಲ್ಲಿ ಎಷ್ಟು ಉಳಿದಿದೆ ಅಂತ ಎಣಿಸ್ತಾರೆ. ನೀರು ತಿಳಿ ಮಾಡಿದ್ರೆ ಎಣಿಸೋಕೆ ಏನೂ ಇರಲ್ಲ."

"ಅದೆಲ್ಲ ಸರಿ. ನೋಡೋಕೆ ಚೆನ್ನಾಗಿರ್ಬೇಕಲ್ಲ?" ಎಂದು ಮೈಕು ತಾವೇ ಸ್ವಿಚ್ಚಿನ ಕಡೆ ಕೈ ಚಾಚಿದರು.

"ಫಿಲ್ಟರ್ ಕೆಟ್ಟಿದೆ ಸಾರ್" ಎಂದಳು ಫಿನಾಯಿಲಮ್ಮ. ಅದು ಅವಳ ಮನೆಯ ಮಂಚದ ಕೆಳಗೆ, ಬಟ್ಟೆಯಲ್ಲಿ ಸುತ್ತಿ ಭದ್ರವಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಮೈಕಿನ ಟೈಯನ್ನೇ ನೋಡುತ್ತ ಹೇಳಿದಳು. ಟೈ ಮೇಲೆ ಬೆಳಗಿನ ತಿಂಡಿಯ ಕಲೆಯಿತ್ತು.

ಅಷ್ಟರಲ್ಲಿ ಬಂದೇಬಿಟ್ಟರು. ಹಣದ ವಿಚಾರ ನೋಡುವ ಒಬ್ಬ ಯಜಮಾನಿ, ಜೊತೆಗೆ ಕಂಪನಿಯ ವಿಜ್ಞಾನಿ, ಫೈಲು ಹಿಡಿದ ಇಬ್ಬರು. ವಿಜ್ಞಾನಿ ಯಾರಿಗೂ ನಮಸ್ಕಾರ ಹೇಳದೆ ನೇರ ಟ್ಯಾಂಕಿಗೆ ಬಗ್ಗಿದ. ತುಂಡುಗಳ ಪಕ್ಕದ ನೀರನ್ನೊಂದು ಸಿರಿಂಜಿಗೆ, ತೂತಿನಿಂದ ಬರುವ ನೀರನ್ನೊಂದು ಸಿರಿಂಜಿಗೆ ನಿಧಾನವಾಗಿ ಎಳೆದುಕೊಂಡು, ಕುಳ್ಳಿಯನ್ನು ಕರೆದುಕೊಂಡು ಎಣಿಸುವ ಯಂತ್ರವಿದ್ದ ಪಕ್ಕದ ಕೋಣೆಗೆ ಹೋದ. ಇಲ್ಲಿ ಉಳಿದವರಿಗೆ ಕಾಯುವುದೇ ಕೆಲಸ. ಯಜಮಾನಿ ಸುತ್ತ ಕಣ್ಣಾಡಿಸಿ, ಗಾಜಿನ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ಹಸಿರನ್ನು ಮೈಕಿನ ಮುಂದೆ ಹಿಡಿದಳು.

"ಈ ಟ್ಯಾಂಕ್ ನೋಡ್ಕೊಳ್ಳೋದು ಯಾರು? ಆ ಹುಡುಗೀನಾ?"

ಮೈಕಿನ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ಫಿನಾಯಿಲಮ್ಮ ಕಂಡಳು. ತಪ್ಪು ಹೊರಲು ಒಂದು ಹೆಗಲು ಸಿಕ್ಕಿದ ನೆಮ್ಮದಿ. ಅವರು ಹೌದೆಂದು ಬಾಯಿ ತೆರೆಯುವ ಮೊದಲೇ ಹೇಳಿದಳು: "ನಾನು."

ಯಜಮಾನಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಉಪ್ಪುನೀರು ಒಣಗಿ ಬಿಳಿಗಟ್ಟಿದ ಸೀರೆಯ ಅಂಚು, ಮರಳು ಮೆತ್ತಿದ ಚಪ್ಪಲಿ, ಉಗುರಿನ ಸಂದಿಯ ಪಾಚಿ. ನೋಡುವ ಆ ರೀತಿ ಫಿನಾಯಿಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗಂಡ, ತಂಗಿಯ ಗಂಡ, ವಿದ್ಯಾರ್ಥಿಗಳು, ಬಾಗಿಲಿಗೆ ಬಂದ ಪೋಸ್ಟಿನವನು, ಎಲ್ಲರನ್ನೂ ಅವಳು ಹಾಗೇ ನೋಡಿದ್ದಳು. ನೋಡಿಸಿಕೊಂಡರೆ ಹೇಗಿರುತ್ತದೆಂದು ತಿಳಿದಿರಲಿಲ್ಲ. ಚರ್ಮ ಸುಲಿದು ಉಪ್ಪು ಸವರಿದ ಹಾಗಿರುತ್ತದೆ.

"ಎಷ್ಟು ವರ್ಷದಿಂದ ಇದೀಯಮ್ಮ ಇಲ್ಲಿ?"

"ಕಟ್ಟಡ ಕಟ್ಟಿದಾಗಿಂದ."

"ಇಷ್ಟು ವರ್ಷ ಆದ್ರೂ ಒಂದು ಟ್ಯಾಂಕ್ ತೊಳೆಯೋಕೆ ಬರಲ್ವಾ ನಿಂಗೆ?"

ಫೈಲು ಹಿಡಿದವರು ನಕ್ಕರು. ಅವರಿಗಿಂತ ಗಟ್ಟಿಯಾಗಿ ಮೈಕು ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದ ವಿದ್ಯಾರ್ಥಿಗಳೂ ನಕ್ಕರು. ಅವರು ವರ್ಷಗಳಿಂದ ಕಾದಿದ್ದ ನಗು ಅದು. ಆ ಹೊತ್ತಿಗೆ ಪಕ್ಕದ ಕೋಣೆಯಿಂದ ಬಂದ ಕುಳ್ಳಿ ವಿಜ್ಞಾನಿಯ ಹಿಂದೆಯೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳ ತುಟಿ ಅಲುಗಿತು. ಹೇಳಿದರೆ ಎಲ್ಲ ಹೇಳಬೇಕಾಗುತ್ತದೆ: ಇದು ಯಾಕೆ ಕದಡು, ಮೊದಲು ಯಾಕೆ ತಿಳಿಯಾಗಿತ್ತು, ಎರಡು ಮುಷ್ಟಿಯ ಸ್ಪಂಜು ಬೆರಳ ತುದಿಯಷ್ಟಾದದ್ದು ಹೇಗೆ. ಸ್ಪಂಜನ್ನು ಉಪವಾಸ ಕೆಡವಿದ ಜಾಗಕ್ಕೆ ಯಾವ ಕಂಪನಿ ಹಣ ಹಾಕುತ್ತದೆ? ಫಿನಾಯಿಲಮ್ಮ ಅವಳತ್ತ ಒಂದು ಸಲ ಕಣ್ಣು ಬಿಟ್ಟಳು. ಇಡೀ ಕೇಂದ್ರವನ್ನು ನಡುಗಿಸಿದ್ದ ಕಣ್ಣು ಅದು. ಕುಳ್ಳಿಯ ಬಾಯಿ ಮುಚ್ಚಿತು.

ಆಮೇಲೆ ಯಜ‌ಮಾನಿಯ ಕಡೆ ಫಿನಾಯಿಲಮ್ಮ ತಿರುಗಿದಳು. ಆ ಹೆಂಗಸಿನ ಬಿಳಿ ಬೂಟಿನ ಹಿಮ್ಮಡಿಗೆ ಬೀದಿಯ ಸೆಗಣಿ ಮೆತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು, ಚೆನ್ನಾಗಿಯೂ ಇತ್ತು.

"ಇಲ್ಲಮ್ಮ" ಎಂದಳು ಫಿನಾಯಿಲಮ್ಮ. "ಬರಲ್ಲ."

ವಿಜ್ಞಾನಿ ಇದ್ಯಾವುದನ್ನೂ ಗಮನಿಸಿರಲಿಲ್ಲ. ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತಿ ಹೇಳಿದ, "ಚೆನ್ನಾಗಿ ಉಣ್ತಿದೆ. ಒಳಗೆ ಹೋದ ಬ್ಯಾಕ್ಟೀರಿಯದಲ್ಲಿ ಮುಕ್ಕಾಲು ಪಾಲು ಹೊರಗೆ ಬಂದೇ ಇಲ್ಲ. ಟ್ಯಾಂಕಲ್ಲಿ ಇಷ್ಟು ಚುರುಕಾಗಿ ಉಣ್ಣೋ ತುಂಡುಗಳನ್ನ ನಾನು ನೋಡಿಲ್ಲ. ಮುಂದುವರಿಸೋಣ."

ಯಜಮಾನಿ ತಲೆಯಾಡಿಸಿದಳು. ಮೈಕು ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡು, ಇದು ತಮ್ಮ ಇಷ್ಟು ವರ್ಷಗಳ ತಪಸ್ಸು ಎಂದರು. ಕುಳ್ಳಿಯ ಬೆನ್ನನ್ನೂ ತಟ್ಟಿದರು. ಹೊರಡುವಾಗ ಯಜಮಾನಿ ಬಾಗಿಲಲ್ಲಿ ನಿಂತು, "ಹುಡುಗಿ ಇರ್ಲಿ. ಆ ಹೆಂಗಸನ್ನ ಮಾತ್ರ ಬದಲಾಯಿಸಿ" ಎಂದಳು.

"ಖಂಡಿತ ಮೇಡಂ. ಸೋಮವಾರದಿಂದ ಸ್ಟೋರ್ ರೂಮಿಗೆ ಹಾಕ್ತೀನಿ" ಎಂದರು ಮೈಕು, ಫಿನಾಯಿಲಮ್ಮನ ಎದುರಿಗೇ, ಮೇಜನ್ನೋ ಕುರ್ಚಿಯನ್ನೋ ಸರಿಸುವ ಮಾತಿನಂತೆ.

ಎಲ್ಲರೂ ಹೋದಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಕುಳ್ಳಿಯ ಕಣ್ಣು ತುಂಬಿತ್ತು. "ದೊಡ್ಡಮ್ಮ, ನಾನು ಸಾರ್ ಹತ್ರ ಹೋಗಿ ಎಲ್ಲ ಹೇಳ್ತೀನಿ. ಹೀಗೆ ಮಾಡೋಕೆ ಬಿಡಲ್ಲ."

"ಹೇಳಿ ಏನ್ ಸಂಪಾದಿಸ್ತೀಯ? ಹಾಸಿಗೇನಾ?" ಫಿನಾಯಿಲಮ್ಮ ಖಾಲಿ ಬಕೆಟ್‌ಗಳನ್ನು ಎತ್ತಿಕೊಂಡಳು. "ಮೂಗು ಒರೆಸ್ಕೋ ಮೊದ್ಲು. ಟ್ಯಾಂಕಿಗೆ ಬೀಳತ್ತೆ."

ಕುಳ್ಳಿ ತೋಳಿನಲ್ಲಿ ಮೂಗು ಒರೆಸಿಕೊಂಡು ಒಂದು ಬಕೆಟ್ಟಿಗೆ ಕೈ ಹಾಕಿದಳು. "ಕೊಡು, ಇವತ್ತು ನಾನು ತರ್ತೀನಿ."

"ಬೇಡ. ನೀನು ಅರ್ಧ ದಾರೀಲೇ ಚೆಲ್ತೀಯ" ಎಂದಳು ಫಿನಾಯಿಲಮ್ಮ, ಮತ್ತು ಸೋಮವಾರದವರೆಗಾದರೂ ಅದಕ್ಕೆ ತಾನೇ ಉಣ್ಣಲಿಡಬೇಕೆಂದು ಜೆಟ್ಟಿಯ ಕಡೆಗೆ ನಡೆದಳು.